ಮಲ್ಪೆಯ ಗಾಳಿಯಲ್ಲಿ ಮಾತು ಹಿಡಿಯುವುದು ಹೇಗೆ?

ಪ್ರಶ್ನೆ: ಮಲ್ಪೆ ಕಡಲತೀರದಲ್ಲಿ ಕಿರುಚಿತ್ರದ ಎರಡು ದೃಶ್ಯ ತೆಗೆಯಬೇಕು. ಇರುವುದು ಒಂದು ಶಾಟ್‌ಗನ್ ಮೈಕ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಉದ್ದನೆ ಮೈಕ್), ಒಂದು ರೆಕಾರ್ಡರ್. ಪರೀಕ್ಷೆಗೆ ತೆಗೆದದ್ದರಲ್ಲಿ ಬರೀ ಗಾಳಿ. ಡಬ್ಬಿಂಗ್‌ಗೆ ದುಡ್ಡಿಲ್ಲ.
– ಓದುಗರು, ಉಡುಪಿ

ಉತ್ತರ: ಮೊದಲು ಹೊತ್ತು ಬದಲಿಸಿ. ಮಳೆಗಾಲ ಕಳೆದ ಮೇಲೆ ಕಡಲಗಾಳಿ ಬಿಸಿಲೇರಿದ ಹಾಗೆ ಜೋರಾಗುತ್ತದೆ. ಬೆಳಗ್ಗೆ 9ರೊಳಗೆ ಸಂಭಾಷಣೆ ಮುಗಿಸಿ, ಮಾತಿಲ್ಲದ ಶಾಟ್‌ಗಳನ್ನು ಸಂಜೆಗಿಡಿ. ಮೈಕಿಗೆ ಸ್ಪಂಜಿನ ಕವರ್ ಕಡಲಗಾಳಿಗೆ ಸಾಲದು, ಉದ್ದ ರೋಮದ್ದೇ ಬೇಕು. ಮೈಕನ್ನು ಕ್ಯಾಮೆರಾ ಮೇಲೆ ಕೂರಿಸಲೇಬೇಡಿ. ಕೋಲಿಗೆ ಕಟ್ಟಿ, ನಟರ ಬಾಯಿಂದ ಒಂದೂವರೆ–ಎರಡು ಅಡಿ ಮೇಲೆ, ಎದೆಯತ್ತ ತಿರುಗಿಸಿ ಹಿಡಿಯಿರಿ. ನಟರು ಕಡಲಿಗೆ ಮುಖ ಮಾಡಿ ನಿಂತರೆ ಮೈಕಿನ ಬೆನ್ನು ಅಲೆಗಳತ್ತ ಬರುತ್ತದೆ. ಕಡಲನ್ನೇ ಹಿನ್ನೆಲೆಗೆ ಇಟ್ಟರೆ ಅಲೆಯ ಸದ್ದೂ ಮಾತಿನ ಜೊತೆ ನುಗ್ಗುತ್ತದೆ. ರೆಕಾರ್ಡರ್‌ನಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ಲೋ-ಕಟ್ (ಗಾಳಿಯ ಗುಡುಗುಡು ತಗ್ಗಿಸುವ ಸೋಸುಕ) 80 ಹರ್ಟ್ಸ್; ಜೋರು ಮಾತು ಮೀಟರ್‌ನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ.

ಶಾಟ್ ಓಕೆಯಾದ ಕೂಡಲೇ ನಟರನ್ನು ಕಿಟಕಿ ಮುಚ್ಚಿದ ಕಾರಿನಲ್ಲಿ ಕೂರಿಸಿ, ಅದೇ ವೇಗದಲ್ಲಿ ಮಾತನ್ನು ಮತ್ತೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿ; ಗಾಳಿ ಕೆಡಿಸಿದ ಮಾತಿನ ಜಾಗಕ್ಕೆ ಅದನ್ನು ಕೂರಿಸಬಹುದು. ಎಸಿ ಆಫ್! ಬರೀ ಅಲೆಯ ಸದ್ದು 2 ನಿಮಿಷ ಹಿಡಿದು ಎಡಿಟ್‌ನಲ್ಲಿ ಮಾತಿನ ಕೆಳಗೆ ಉದ್ದಕ್ಕೂ ಹಾಸಿ. ಇಲ್ಲದಿದ್ದರೆ ಪ್ರತಿ ಕಟ್‌ಗೂ ಅಲೆ ತುಂಡಾಗುತ್ತದೆ.

ಪ್ರಶ್ನೆ: ನನ್ನ ಚಿತ್ರದ ರಫ್ ಕಟ್ (ಮೊದಲ ಕಚ್ಚಾ ಎಡಿಟ್) ತೋರಿಸಿದರೆ ಎಲ್ಲರೂ “ಲಾಯ್ಕುಂಟು ಮಾರಾಯ” ಅಂತಾರೆ, ಅಷ್ಟೆ.
– ಓದುಗರು, ಮಂಗಳೂರು

ಉತ್ತರ: “ಹೇಗುಂಟು” ಅಂತ ಕೇಳಿದರೆ ಅದೇ ಸಿಗುವುದು. ಎಲ್ಲಿ ಬೇಸರ ಬಂತು, ಯಾವ ಮಾತು ಕೇಳಿಸಲಿಲ್ಲ, ಚಿತ್ರದ ಪಾತ್ರಗಳು ಒಬ್ಬರಿಗೊಬ್ಬರು ಏನಾಗಬೇಕು ಅಂತ ಕೇಳಿ. ಕತೆ ಗೊತ್ತಿಲ್ಲದ ಮೂರು-ನಾಲ್ಕು ಮಂದಿ ಸಾಕು. ಅವರು ಕೊಡುವ ಪರಿಹಾರ ಬಿಡಿ, ಎಡವಿದ ಜಾಗ ಬರೆದುಕೊಳ್ಳಿ.