ಮೊದಲು ಮೂರು ರೂಪಾಯಿ ಬಡ್ಡಿಯದು ಮುಗಿಸ್ರಿ

ಅಕ್ಕಾರೇ, ಕಲಬುರಗಿಯಾಗ ಒಬ್ಬರೇ ದುಡಿದು ಮಕ್ಕಳನ್ನ ಸಾಕ್ತೀರಿ. ಬಂಗಾರದ ಸಾಲ, ಮಹಿಳಾ ಸಂಘದ ಕಂತು, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ 40,000 ಕೈಸಾಲ, ಹೊಸ ವರ್ಷದಾಗ ಯಾವುದು ಮೊದಲು ತೀರಿಸಲಿ ಅಂತ ಕೇಳೀರಿ. ಮೂರು ರೂಪಾಯಿಯದೇ. ಅದು ವರ್ಷಕ್ಕೆ ಶೇ. 36 ಆಗ್ತದ. ತಿಂಗಳಿಗೆ 1,200 ಬರೀ ಬಡ್ಡಿಗೇ ಹೋಗಿ ಅಸಲು ಕೂತಲ್ಲೇ ಕೂತಿರ್ತದ. ತಿಂಗಳಿಗೆ 4,000 ಕಟ್ಟಿದ್ರ ಸುಮಾರು 12 ತಿಂಗಳಿಗೆ ತೀರ್ತದ; 2,000 ಆದ್ರ 31 ತಿಂಗಳು. ಬಡ್ಡಿ ಹೋಗಿ ಉಳಿದದ್ದು ಅಸಲಿಗೆ ಜಮಾ ಅಂತ ಪ್ರತಿ ಸಲ ಬರೆಸಿ ಸಹಿ ಹಾಕಿಸ್ಕೊಳ್ರಿ. ಬಾಯಿಮಾತು ನಂಬಬ್ಯಾಡ್ರಿ. ಸಾಲ ಕೊಟ್ಟವರು ಚಿಲ್ಲರೆ ಅಸಲು ಬ್ಯಾಡ ಅಂದ್ರ ಪೋಸ್ಟ್ ಆಫೀಸ್ ಖಾತೆಯಾಗ ಕೂಡಿಸಿ, 10,000 ಆದಾಗ ಒಮ್ಮೆಲೇ ಕೊಡ್ರಿ.

ಸಂಘದ ಕಂತು ತಪ್ಪಿಸಬ್ಯಾಡ್ರಿ, ಉಳಿದ ಹೆಣ್ಮಕ್ಕಳ ಮೇಲೆ ಬೀಳ್ತದ. ಬಂಗಾರಕ್ಕೆ ಅವಧಿ ಮುಗಿಯೋದರೊಳಗ ಬಡ್ಡಿ ಕಟ್ಟಿ, ನವೀಕರಣ ಆಗ್ತದೇನು ಅಂತ ಬ್ಯಾಂಕಿನಾಗ ಕೇಳ್ರಿ. ಬಿಟ್ರ ಹರಾಜಿನ ನೋಟಿಸ್.

ಗೃಹಲಕ್ಷ್ಮಿಯ 2,000 ಕಂತಿನ ಲೆಕ್ಕಕ್ಕೆ ಹಿಡೀಬ್ಯಾಡ್ರಿ, ಬಂದಾಗ ಅಸಲಿಗೆ ಹಾಕ್ರಿ. ತೊಗರಿ ರಾಶಿಯ ಕೂಲಿ ಸಿಕ್ರ ಅದೂ ಅಲ್ಲಿಗೇ.

ಇಂಥ ಲೆಕ್ಕ ಕೆಡೋದು ಜೂನ್‌ದಾಗ: ನೋಟ್‌ಬುಕ್, ಬೂಟು, ಫೀಸು ಅಂತ ಮತ್ತ ಸಾಲ. ಜನವರಿಯಿಂದ ಮೇ ತನಕ ತಿಂಗಳಿಗೆ 500ರಂಗ 2,500 ಬೇರೆ ತೆಗೆದಿಡ್ರಿ.