ಪದ್ಮ ಪ್ರಶಸ್ತಿ ಯಾರಿಗೆ ಸಲ್ಲಬೇಕು: ಆಟಗಾರರಿಗೋ, ಜನರ ಸೇವೆ ಮಾಡುವ ಸರ್ಕಾರಿ ನೌಕರರಿಗೋ?

ನಿಮ್ಮ ಪ್ರಶ್ನೆಯೊಳಗಿನ ಸಿಟ್ಟು ನನಗೆ ಹೊಸದಲ್ಲ. ಹಳ್ಳಿಗಳಲ್ಲಿ ಜೀವ ತೇದವರನ್ನು ಬಿಟ್ಟು ಆಟಗಾರರಿಗೆ ಪದ್ಮ ಪ್ರಶಸ್ತಿ ಕೊಡುವುದು ನ್ಯಾಯವಾ ಅಂತ ಕೇಳಿದ್ದೀರಿ. 2018ರ ಜನವರಿ 25ರ ರಾತ್ರಿ ನಾನೂ ಇದನ್ನೇ ಫೇಸ್‌ಬುಕ್‌ನಲ್ಲಿ ಬರೆದಿದ್ದೆ, ನಿಮಗಿಂತ ಒರಟಾಗಿ. ಆ ವರ್ಷದ ಪಟ್ಟಿಯಲ್ಲಿ ಮಹೇಂದ್ರ ಸಿಂಗ್ ಧೋನಿಗೂ ಬೆಂಗಳೂರಿನ ಬಿಲಿಯರ್ಡ್ಸ್ ಆಟಗಾರ ಪಂಕಜ್ ಅಡ್ವಾಣಿಗೂ ಪದ್ಮಭೂಷಣ ಬಂದಿತ್ತು. ನಾನು ಹೆಸರು ಕಳಿಸಿದ್ದ ನರ್ಸಮ್ಮ ಎಲ್ಲೂ ಇರಲಿಲ್ಲ.

ಅವರು ಮಲೆನಾಡಿನ ಒಂದು ಉಪಕೇಂದ್ರದಲ್ಲಿ ಕೆಲಸಕ್ಕಿದ್ದರು. ಕಾಗದದ ಮೇಲೆ ಕಿರಿಯ ಆರೋಗ್ಯ ಸಹಾಯಕಿ, ಊರವರಿಗೆಲ್ಲ ನರ್ಸಮ್ಮ. ಅವರ ನೌಕರಿಯೆಲ್ಲ ಹೆಚ್ಚುಕಡಿಮೆ ಕಾಡಂಚಿನ ಅದೇ ಮನೆಗಳ ನಡುವೆ ಕಳೆಯಿತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆ ಕೇರಿಗೆ ದಾರಿಯೇ ಇರುತ್ತಿರಲಿಲ್ಲ. ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಸುತ್ತುಬಳಸಿ ನಡೆದೇ ಹೋಗುತ್ತಿದ್ದರು. ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಜನ ಮೊದಲು ಓಡುತ್ತಿದ್ದದ್ದು ಅವರ ಮನೆಗೆ.

ಅವರು ಮಾಡಿದ ಕೆಲಸಗಳಲ್ಲಿ ನನಗೆ ತುಂಬ ದೊಡ್ಡದು ಅನಿಸುವುದು ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. ಉಣುಗು ಕಚ್ಚಿ ಬರುತ್ತದೆ. ಚಳಿಗಾಲದಿಂದ ಮಳೆ ಬೀಳುವವರೆಗೆ ಅದರ ಕಾಲ. ಆಗ ಕೊಡುತ್ತಿದ್ದ ಲಸಿಕೆ ಬಹಳ ನೋಯುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚಿಸಿಕೊಳ್ಳಬೇಕು, ಆಮೇಲೆ ಬೂಸ್ಟರ್. ಮೊದಲನೆಯದರ ನೋವು ಉಂಡವರು ಎರಡನೆಯದಕ್ಕೆ ಬಾಗಿಲೇ ತೆಗೆಯುತ್ತಿರಲಿಲ್ಲ. ನರ್ಸಮ್ಮ ಜಗಲಿಯಲ್ಲಿ ಕೂತು ಕಾಯುತ್ತಿದ್ದರು. ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗುವ ಹೆಂಗಸರಿಗೆ ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚುವ ಎಣ್ಣೆ ಕೊಟ್ಟು, ಹಚ್ಚಿಕೊಂಡಿರಾ ಎಂದು ಮರುದಿನ ಬಂದು ವಿಚಾರಿಸುತ್ತಿದ್ದರು. ಇದಕ್ಕೆ ಯಾವ ಸ್ಕೋರ್‌ಬೋರ್ಡೂ ಇಲ್ಲ. ಬಾರದೆ ಹೋದ ಕಾಯಿಲೆಯನ್ನು ಯಾರು ಎಣಿಸುತ್ತಾರೆ ಹೇಳಿ?

ಪದ್ಮ ಪ್ರಶಸ್ತಿಗೆ ಯಾರು ಯಾರ ಹೆಸರನ್ನು ಬೇಕಾದರೂ ಆನ್‌ಲೈನ್‌ನಲ್ಲಿ ಸೂಚಿಸಬಹುದು ಎಂದು ಗೊತ್ತಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಅವರಿಗೆ ಹೇಳಿದೆ. "ಅದೆಲ್ಲ ನಂಗೆಂತಕ್ಕೆ ಮಾರಾಯ? ಆ ಹಳ್ಳಕ್ಕೊಂದು ಕಾಲುಸಂಕ ಹಾಕಿಸಿಕೊಡು" ಎಂದರು. ಆದರೂ ಒಪ್ಪಿಸಿದೆ. 2017ರಲ್ಲಿ ಅರ್ಜಿ ತುಂಬಿ ಕಳಿಸಿದೆ.

ಇಲ್ಲೇ ನಾನು ತಪ್ಪಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಇಲ್ಲೇ ಎಡವುವ ಸಾಧ್ಯತೆ ಜಾಸ್ತಿ.

ಪದ್ಮ ಪ್ರಶಸ್ತಿಯ ನಿಯಮದಲ್ಲಿ ಒಂದು ಸಾಲಿದೆ. ಡಾಕ್ಟರುಗಳು ಮತ್ತು ವಿಜ್ಞಾನಿಗಳನ್ನು ಬಿಟ್ಟರೆ ಬೇರೆ ಸರ್ಕಾರಿ ನೌಕರರು ಇದಕ್ಕೆ ಅರ್ಹರಲ್ಲ. ಸರ್ಕಾರಿ ಉದ್ದಿಮೆಗಳಲ್ಲಿ ಕೆಲಸ ಮಾಡುವವರೂ ಅಲ್ಲ. ನಾನು ಆ ಸಾಲನ್ನು ಓದಿದ್ದೆ. ಓದದೆ ಬಿಟ್ಟಿದ್ದರೆ ಬೇರೆ ಮಾತು. ಓದಿ, ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. 'ಡಾಕ್ಟರುಗಳಿಗೆ ವಿನಾಯಿತಿ' ಎಂದರೆ ಆರೋಗ್ಯ ಇಲಾಖೆಗೇ ವಿನಾಯಿತಿ ಎಂದುಕೊಂಡೆ. ಡಾಕ್ಟರ ಕೈಕೆಳಗೆ ಕೆಲಸ ಮಾಡುವ ನರ್ಸಮ್ಮ ಅದರೊಳಗೆ ಬಾರದೆ ಎಲ್ಲಿ ಹೋಗುತ್ತಾರೆ? 'ಸರ್ಕಾರಿ ನೌಕರರು' ಎಂದಾಗ ನನ್ನ ತಲೆಗೆ ಬಂದದ್ದು ಕಾರಿನಲ್ಲಿ ಓಡಾಡುವ ಅಧಿಕಾರಿಗಳು. ಹಳ್ಳ ದಾಟುವ ಹೆಂಗಸಿಗೂ ಆ ಮಾತು ಅನ್ವಯಿಸುತ್ತದೆ ಎಂದು ಹೊಳೆಯಲೇ ಇಲ್ಲ. ಗೊತ್ತಿದ್ದವರೊಬ್ಬರನ್ನು ಕೇಳಿದ್ದರೆ ಅರೆ ನಿಮಿಷದಲ್ಲಿ ಹೇಳುತ್ತಿದ್ದರು. ಕೇಳಲಿಲ್ಲ. ನರ್ಸಮ್ಮ ಇನ್ನೂ ಕೆಲಸದಲ್ಲಿದ್ದರು. ಅಂದಮೇಲೆ ಅವರ ಹೆಸರು ಯಾವ ಆಟಗಾರನ ಎದುರಿಗೂ ತೂಗಿ ನೋಡುವ ಹಂತಕ್ಕೇ ಹೋಗುವಂತಿರಲಿಲ್ಲ.

ಇನ್ನೂ ಒಂದು ವಿಷಯವಿದೆ. ನಾನು ಧೋನಿಯನ್ನು ಬಯ್ದ ಅದೇ ಪಟ್ಟಿಯಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರಿತ್ತು. ಸಾವಿರಾರು ಹೆರಿಗೆಗಳನ್ನು ಒಂದು ಪೈಸೆ ಮುಟ್ಟದೆ ಮಾಡಿಸಿದ ತಾಯಿ. ಅವರಿಗೆ ಪದ್ಮಶ್ರೀ ಬಂತು. ಅಂದರೆ ಹಳ್ಳಿಯ ಹೆರಿಗೆಯ ಕೆಲಸವನ್ನು ಯಾರೂ ಕಡೆಗಣಿಸಿರಲಿಲ್ಲ. ನರಸಮ್ಮ ಸರ್ಕಾರಿ ನೌಕರಿಯಲ್ಲಿ ಇರಲಿಲ್ಲ, ನಮ್ಮ ನರ್ಸಮ್ಮ ಇದ್ದರು. ನನಗೆ ಉತ್ತರ ಅಲ್ಲೇ ಎದುರಿಗಿತ್ತು. ನಾನು ಕ್ರಿಕೆಟ್ ಆಟಗಾರನ ಹೆಸರಲ್ಲೇ ಕಣ್ಣು ನೆಟ್ಟಿದ್ದೆ.

ಈ ತಪ್ಪಿಗೆ ತೆತ್ತದ್ದು ಏನು ಗೊತ್ತಾ? ಒಂದು ಅರ್ಜಿ ಹೋಯಿತು ಎನ್ನುವುದು ದೊಡ್ಡದಲ್ಲ. ಹೆಚ್ಚು ದಿನ ಕಳೆಯುವ ಮೊದಲೇ ನರ್ಸಮ್ಮ ನಿವೃತ್ತರಾದರು. ನಿಯಮದ ಪ್ರಕಾರ ಅಡ್ಡಿ ಹೋಯಿತು. ಆಗಲೇ ಮತ್ತೆ ಕಳಿಸಬೇಕಿತ್ತು. ನಾನು ಕಳಿಸಲಿಲ್ಲ. ಇದೆಲ್ಲ ಪ್ರಭಾವ ಇದ್ದವರ ಆಟ, ಸುಮ್ನೆ ಯಾಕೆ ಎಂದು ಕೂತುಬಿಟ್ಟೆ. 2021ರ ನವೆಂಬರಿನಲ್ಲಿ ಅಂಕೋಲಾದ ತುಳಸಿ ಗೌಡರು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡ ಫೋಟೊ ನೀವೂ ನೋಡಿರುತ್ತೀರಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿಯಾಗಿ ದುಡಿದು, ಆಮೇಲೆ ಕಾಯಂ ಆಗಿ, ನಿವೃತ್ತಿಯೂ ಆಗಿದ್ದವರು ಅವರು. ಅವರ ಬಗ್ಗೆ ಓದುತ್ತಾ ಹೋದಾಗಲೇ ನಾನು ನಿಯಮವನ್ನು ಸರಿಯಾಗಿ ಓದಿದ್ದು.

ಅಷ್ಟರಲ್ಲಿ ನರ್ಸಮ್ಮನ ಕೆಲಸವನ್ನು ಕಣ್ಣಾರೆ ಕಂಡಿದ್ದ ಹಳೆಯ ಡಾಕ್ಟರು ತೀರಿಕೊಂಡಿದ್ದರು. ಉಪಕೇಂದ್ರ ಬೇರೆ ಕಟ್ಟಡಕ್ಕೆ ಹೋಗಿತ್ತು. ಹಳೆಯ ಹೆರಿಗೆ ರಿಜಿಸ್ಟರುಗಳು, ಲಸಿಕೆ ಪುಸ್ತಕಗಳು ಎಲ್ಲಿ ಹೋದವೋ, ಸಿಗಲೇ ಇಲ್ಲ. ಅವರು ಕೈಯಾರೆ ಬರೆದ ಆ ಪುಸ್ತಕಗಳೇ ಅವರ ಇಡೀ ನೌಕರಿಯ ಸಾಕ್ಷಿ. ನಿವೃತ್ತಿಯ ದಿನ ಹೋಗಿ ಪುಟಗಳ ಫೋಟೊ ತೆಗೆಸಿ ಇಡುವಂತೆ ಕೇಳಿಕೊಂಡಿದ್ದರೂ ಸಾಕಿತ್ತು. ಈ ಒಂದು ವಿಷಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಟಗಾರ ಯಾರ ಜಾಗವನ್ನೂ ಕಸಿದಿಲ್ಲ. ಪದ್ಮ ಪ್ರಶಸ್ತಿ ವರ್ಷಕ್ಕೆ 120ರ ಮಿತಿಯೊಳಗೆ ಇರಬೇಕು, ಮರಣೋತ್ತರ ಮತ್ತು ವಿದೇಶದವರಿಗೆ ಕೊಡುವುದು ಅದಕ್ಕೆ ಸೇರುವುದಿಲ್ಲ. ಯಾವ ವರ್ಷದ ಪಟ್ಟಿಯನ್ನಾದರೂ ತೆಗೆದು ನೋಡಿ. ಕಲೆ, ಸಮಾಜಸೇವೆ, ಸಾಹಿತ್ಯ-ಶಿಕ್ಷಣದವರೇ ಜಾಸ್ತಿ. ಕ್ರೀಡೆಯವರು ಅದಕ್ಕಿಂತ ಎಷ್ಟೋ ಕಡಿಮೆ. ಇನ್ನು ಆಟ ಎಂದರೆ ಬರೀ ಕ್ರಿಕೆಟ್ ಅಂತ ಯಾರು ಹೇಳಿದರು? ಚಿಕ್ಕಂದಿನಲ್ಲೇ ಪೋಲಿಯೊ ತಗುಲಿದ ಮಾಲತಿ ಹೊಳ್ಳ ಅಂತರರಾಷ್ಟ್ರೀಯ ಪದಕಗಳನ್ನು ಗೆದ್ದರು, ಆಮೇಲೆ ಅಂಗವಿಕಲ ಮಕ್ಕಳಿಗೆ ಆಸರೆ ಕಟ್ಟಿದರು. 2001ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕುಬ್ಜ ದೇಹದ ಪ್ಯಾರಾ ಅಥ್ಲೀಟ್ ಕೆ.ವೈ. ವೆಂಕಟೇಶ್ ಅವರಿಗೆ 2021ರಲ್ಲಿ ಬಂತು. ಇವರನ್ನು ಜನಸೇವೆಯ ಎದುರು ಪಕ್ಷದಲ್ಲಿ ನಿಲ್ಲಿಸಲು ನನಗಂತೂ ಮನಸ್ಸಿಲ್ಲ. 2014ರ ಫೆಬ್ರವರಿಯಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ನಮ್ಮ ವಿಜ್ಞಾನಿ ಸಿ.ಎನ್.ಆರ್. ರಾವ್ ಒಂದೇ ದಿನ ಭಾರತರತ್ನ ಸ್ವೀಕರಿಸಿದರು. ಇಬ್ಬರಲ್ಲಿ ಯಾರಾದರೂ ಚಿಕ್ಕವರಾದರಾ?

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಆಟಗಾರ ಆಡುತ್ತಿರುವಾಗಲೇ ಬೇರೆಯವರು ಎಲ್ಲವನ್ನೂ ಬರೆದಿಡುತ್ತಾರೆ. ಎಷ್ಟು ರನ್, ಎಷ್ಟು ಪದಕ, ಯಾವ ದಿನ, ಯಾರ ಎದುರು. ಪ್ರಶಸ್ತಿಗೆ ಹೆಸರು ಕಳಿಸುವವನಿಗೆ ಹುಡುಕುವ ಕೆಲಸವೇ ಇಲ್ಲ. ನರ್ಸಮ್ಮನ ಕೆಲಸವನ್ನು ನರ್ಸಮ್ಮನೇ ಬರೆಯಬೇಕು, ಅದೂ ಇಲಾಖೆಯ ಲೆಕ್ಕಕ್ಕೆ. ಪದ್ಮಕ್ಕೆ ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳಲು ಅವಕಾಶವಿದೆ. ಆದರೆ ನೀವೇ ಹೇಳಿ, ಅಂಥವರು ಸೂಚಿಸಿಕೊಳ್ಳುತ್ತಾರಾ?

ಸಿಟ್ಟು ಮಾಡುವುದಿದ್ದರೆ ಸರ್ಕಾರಿ ನೌಕರರನ್ನು ಹೊರಗಿಡುವ ಆ ನಿಯಮದ ಮೇಲೆ ಮಾಡಿ. ಅದನ್ನು ಪೂರ್ತಿ ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ಹೆಸರುಗಳನ್ನು ಆರಿಸುವ ಸಮಿತಿಗೆ ಸಂಪುಟ ಕಾರ್ಯದರ್ಶಿಯೇ ಅಧ್ಯಕ್ಷರು. ಗೃಹ ಕಾರ್ಯದರ್ಶಿ, ರಾಷ್ಟ್ರಪತಿಗಳ ಕಾರ್ಯದರ್ಶಿ ಅದರಲ್ಲಿರುತ್ತಾರೆ. ಜೊತೆಗೆ ನಾಲ್ಕರಿಂದ ಆರು ಗಣ್ಯರು. ಕುರ್ಚಿಯಲ್ಲಿರುವ ದೊಡ್ಡ ಅಧಿಕಾರಿಗಳಿಗೆ ಇದು ತೆರೆದುಕೊಂಡರೆ ಏನಾಗಬಹುದು ಎಂದು ಊಹಿಸುವುದು ಕಷ್ಟವಲ್ಲ. ಆದರೆ ಒಂದೇ ಆಸ್ಪತ್ರೆಯಲ್ಲಿ ಡಾಕ್ಟರು ಅರ್ಹ, ನರ್ಸು ಅರ್ಹಳಲ್ಲ ಎನ್ನುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ನರ್ಸುಗಳು, ಶಾಲೆಯ ಮೇಷ್ಟ್ರುಗಳು, ಕಂಬ ಹತ್ತುವ ಲೈನ್‌ಮನ್‌ಗಳು, ಕಾಡು ಕಾಯುವ ಗಾರ್ಡುಗಳು ಇವರಿಗೆಲ್ಲ ಆ ವಿನಾಯಿತಿ ಸಿಗಬೇಕು. ಇವರ ಕೈಯಲ್ಲಿ ಯಾರನ್ನಾದರೂ ಓಲೈಸುವ ಅಧಿಕಾರವೇ ಇಲ್ಲ.

ನೀವು ಏನು ಮಾಡಬೇಕು ಎಂದರೆ, ಮೊದಲು ನಿಮ್ಮ ಮನಸ್ಸಿನಲ್ಲಿರುವವರು ಇನ್ನೂ ಸೇವೆಯಲ್ಲಿದ್ದಾರಾ ನೋಡಿ. ಇದ್ದರೆ ಪದ್ಮವನ್ನು ಸದ್ಯಕ್ಕೆ ಬಿಡಿ. ನರ್ಸುಗಳಿಗೆ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ 1973ರಿಂದ ಇದೆ, ಉಪಕೇಂದ್ರದ ನರ್ಸುಗಳಿಗೂ ಅದು ಸಿಗುತ್ತದೆ. ನನಗೆ ಇದು ಆಗ ಗೊತ್ತಿರಲಿಲ್ಲ. ಮೇಷ್ಟ್ರುಗಳಿಗೆ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ ಇದೆ. ನಿವೃತ್ತರಾಗಿದ್ದರೆ ಮಾತ್ರ ಒಂದು ವರ್ಷವೂ ಕಾಯಬೇಡಿ. ಪದ್ಮವನ್ನು ಸಾಮಾನ್ಯವಾಗಿ ಮರಣೋತ್ತರವಾಗಿ ಕೊಡುವುದಿಲ್ಲ, ತೀರಾ ವಿಶೇಷ ಸಂದರ್ಭ ಬಿಟ್ಟು.

ಅರ್ಜಿಯಲ್ಲಿ ಸಾಧನೆ ಬರೆಯಲು ಇರುವುದು 800 ಪದ. ನನ್ನ ಮೊದಲ ಅರ್ಜಿಯ ತುಂಬ 'ನಿಸ್ವಾರ್ಥ', 'ತ್ಯಾಗಮಯಿ', 'ದೇವತೆಯಂಥವರು' ಇಂಥವೇ ಇದ್ದವು. ಅವನ್ನೆಲ್ಲ ಬಿಡಿ. ಯಾವ ಊರುಗಳು, ಎಷ್ಟು ಮನೆ, ಅವರು ಬರುವ ಮೊದಲು ಹೇಗಿತ್ತು, ಆಮೇಲೆ ಏನು ಬದಲಾಯಿತು ಎಂದು ಬರೆಯಿರಿ. ರಿಜಿಸ್ಟರ್ ಸಿಗದೆ ನಾನೀಗ ಮನೆಮನೆಗೆ ಹೋಗಿ ಹಳೆಯ ತಾಯಿ ಕಾರ್ಡುಗಳನ್ನು ಕೇಳಿ ಪಡೆದು ಫೋಟೊ ತೆಗೆದುಕೊಂಡಿದ್ದೇನೆ. ಹೆಂಗಸರು ಟ್ರಂಕಿನ ತಳದಿಂದ ತೆಗೆದುಕೊಡುತ್ತಾರೆ. ಅದರಲ್ಲಿ ನರ್ಸಮ್ಮನ ಸಹಿ, ದಿನಾಂಕ ಎರಡೂ ಇರುತ್ತವೆ. ಇದನ್ನು ಮೊದಲೇ ಮಾಡಿದ್ದರೆ ಎಷ್ಟೋ ಕಾರ್ಡು ಗೆದ್ದಲ ಪಾಲಾಗುತ್ತಿರಲಿಲ್ಲ.

ನರ್ಸಮ್ಮನಿಗೆ ಇನ್ನೂ ಪ್ರಶಸ್ತಿ ಬಂದಿಲ್ಲ. ಈ ಸಲವೂ ಕಳಿಸುತ್ತೇನೆ. ನಿಮ್ಮವರು ಯಾರು, ಯಾವ ಕೆಲಸದಲ್ಲಿದ್ದರು ಎಂದು ಕೆಳಗೆ ಬರೆಯಿರಿ. ಯಾವ ಕಾಗದ ಎಲ್ಲಿ ಸಿಗಬಹುದು ಎಂದು ನನಗೆ ಗೊತ್ತಿರುವಷ್ಟು ಹೇಳುತ್ತೇನೆ.