ಕಿಚನರ್‌ನ ಸಮಾಧಿಯಲ್ಲಿರುವ ಪಂಜಾಬಿ ಸಿಪಾಯಿ

ಪ್ರಶ್ನೆ: ನನ್ನ ಮಗಳು ಕೆನಡಾದ ಕಿಚನರ್‌ನಲ್ಲಿದ್ದಾಳೆ. ಪ್ರತಿ ನವೆಂಬರ್‌ನಲ್ಲಿ ಅಲ್ಲಿನ ಸಿಖ್ಖರು ಒಬ್ಬ ಸೈನಿಕನ ಸಮಾಧಿ ಹತ್ತಿರ ಸೇರುತ್ತಾರಂತೆ. ಅವರು ಬ್ರಿಟಿಷ್ ಇಂಡಿಯಾದ ಸೈನ್ಯದವರಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಲ್ಲಮ್ಮ, ಅವರು ಕೆನಡಾ ಸೈನ್ಯದವರೇ. ಹೆಸರು ಬಕಮ್ ಸಿಂಗ್, ಊರು ಪಂಜಾಬಿನ ಮಾಹಿಲ್‌ಪುರ. 1907ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ದುಡಿಯಲು ಬ್ರಿಟಿಷ್ ಕೊಲಂಬಿಯಾಕ್ಕೆ ಹೋದರು. ಊರಲ್ಲಿ ಆಗಲೇ ಮದುವೆ ಆಗಿತ್ತು. ಹೆಂಡತಿ ಪ್ರೀತಮ್ ಕೌರ್.

ಅವರನ್ನು ಕರೆಸಿಕೊಳ್ಳೋಣ ಅಂದರೆ ಕಾನೂನು ಬಿಡಬೇಕಲ್ಲ! ಎಲ್ಲೂ ಹಡಗು ಬದಲಿಸದೆ ತಾಯ್ನಾಡಿನಿಂದ ನೇರ ಬಂದವರಿಗೆ ಮಾತ್ರ ಪ್ರವೇಶ ಅಂತ 1908ರಲ್ಲಿ ಕೆನಡಾ ನಿಯಮ ಮಾಡಿತ್ತು. ಭಾರತದಿಂದ ಅಂಥ ಹಡಗೇ ಇರಲಿಲ್ಲ. ನಮ್ಮವರನ್ನು ತಡೆಯಲಿಕ್ಕೇ ಮಾಡಿದ ನಿಯಮ ಅದು. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಬಂದ 376 ಜನರಲ್ಲಿ ಹೆಚ್ಚಿನವರನ್ನು ಎರಡು ತಿಂಗಳು ವ್ಯಾಂಕೂವರ್ ಬಂದರಿನಲ್ಲೇ ನಿಲ್ಲಿಸಿ ವಾಪಸ್ ಅಟ್ಟಿದರು.

ಅದಾದ ಮರುವರ್ಷವೇ ಬಕಮ್ ಸಿಂಗ್ ಒಂಟಾರಿಯೋದ ಸ್ಮಿತ್ಸ್ ಫಾಲ್ಸ್‌ನಲ್ಲಿ ಸೈನ್ಯಕ್ಕೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ಕೆನಡಾ ಪಡೆಯಲ್ಲಿದ್ದ ಸಿಖ್ಖರು ಸುಮಾರು ಹತ್ತೇ ಮಂದಿ. ಹೆಂಡತಿಯನ್ನೇ ಒಳಗೆ ಬಿಡದ ದೇಶಕ್ಕಾಗಿ ಪ್ರಾಣ ಒತ್ತೆಯಿಡುವುದು ಸಣ್ಣ ಮಾತಲ್ಲ ಅಲ್ವಾ? 1916ರ ಜೂನ್‌ನಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರ ಶೆಲ್ ಚೂರು ತಲೆಗೆ ಬಡಿಯಿತು. ವಾಸಿಯಾದ ಮೇಲೆ ಮತ್ತೆ ಕಂದಕಕ್ಕೆ ಇಳಿದರು. ಮುಂದಿನ ತಿಂಗಳೇ ಕಾಲಿಗೆ ಗುಂಡು. ಇಂಗ್ಲೆಂಡಿನಲ್ಲಿದ್ದಾಗ ಕ್ಷಯ ಅಂಟಿತು. 1919ರ ಆಗಸ್ಟ್‌ನಲ್ಲಿ ಕಿಚನರ್‌ನ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 25. ಭಾರತೀಯರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು ಅಂತ ಕೆನಡಾ ಒಪ್ಪಿದ್ದೂ ಅದೇ 1919ರಲ್ಲಿ. ಇದನ್ನು ನೆನೆದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಸುಮಾರು 90 ವರ್ಷ ಅವರನ್ನು ಕೇಳುವವರೇ ಇರಲಿಲ್ಲ. 2007ರಲ್ಲಿ ಇತಿಹಾಸಕಾರ ಸಂದೀಪ್ ಸಿಂಗ್ ಬ್ರಾರ್ ಅವರಿಗೆ ಲಂಡನ್ನಿನ ಅಂಗಡಿಯೊಂದರಲ್ಲಿ ಯುದ್ಧದ ವಿಜಯ ಪದಕ ಸಿಕ್ಕಿತು. ಕಂಚಿನದು, ಒಂದು ಬದಿಯಲ್ಲಿ ರೆಕ್ಕೆಯಿರುವ ವಿಜಯದೇವತೆ. ತೆಳ್ಳನೆಯ ಅಂಚಿನಲ್ಲಿ ಪುಟ್ಟ ಅಕ್ಷರಗಳಲ್ಲಿ ಬಕಮ್ ಸಿಂಗ್ ಹೆಸರು, ಜೊತೆಗೆ ಕೆನಡಾ ಪಡೆಯ ಗುರುತು. ಆ ಒಂದು ಸಾಲಿನ ಜಾಡು ಹಿಡಿದು ಹೋಗಿಯೇ ಅವರು ಮೌಂಟ್ ಹೋಪ್ ಸ್ಮಶಾನದಲ್ಲಿದ್ದ ಸಮಾಧಿಯನ್ನು ಪತ್ತೆಹಚ್ಚಿದ್ದು.

ಮಗಳಿಗೆ ಹೇಳಿ, ಈ ನವೆಂಬರ್‌ನಲ್ಲಿ ಹೋಗಿಬರಲಿ. ಅದು ಸಿಖ್ಖರ ಕಾರ್ಯಕ್ರಮ ಅಂತ ಸುಮ್ನೆ ಹಿಂಜರಿಯುವುದು ಬೇಡ. ನಿವೃತ್ತ ಸೈನಿಕರು, ಊರಿನ ಬೇರೆಯವರೂ ಬರುತ್ತಾರೆ. ಚಳಿ ಜಾಸ್ತಿ ಇರುತ್ತದೆ, ಬೆಚ್ಚಗೆ ಹಾಕಿಕೊಂಡು ಹೋಗಲಿ.